ತಿರುವಿನಲ್ಲಿ ಕೇಳುವ ಕಟಕಟ ಸದ್ದು

ನೇರ ರಸ್ತೆಯಲ್ಲಿ ಸದ್ದಿಲ್ಲದೆ ಸಾಗುವ ಕಾರು, ಮನೆಯ ಮುಂದೆ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ಹೊರಳಿಸುವಾಗ ಮಾತ್ರ ಮುಂದಿನ ಚಕ್ರದ ಬಳಿ ‘ಕಟ್ ಕಟ್ ಕಟ್’ ಎನ್ನುತ್ತದೆ. ಸ್ಟಿಯರಿಂಗ್ ನೇರವಾದೊಡನೆ ಸದ್ದು ನಿಲ್ಲುತ್ತದೆ. ನಿಂತಿತಲ್ಲ ಎಂದು ಮನೆಯವರು ಸಮಾಧಾನಪಟ್ಟುಕೊಳ್ಳುತ್ತಾರೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಹಾಗೂ ನಾಗಮಂಗಲ ತಾಲ್ಲೂಕುಗಳ ಓದುಗರು ವಾಹನದ ವಿಷಯವಾಗಿ ನಮಗೆ ಬರೆಯುವ ಪತ್ರಗಳಲ್ಲಿ ಈ ಸದ್ದಿನ ಪ್ರಸ್ತಾಪ ಮೇಲಿಂದ ಮೇಲೆ ಬರುತ್ತಿರುವುದರಿಂದ ಈ ತಿಂಗಳ ಅಂಕಣವನ್ನು ಪೂರ್ಣವಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ. ಸದ್ದು ಮಾಡುವ ಭಾಗದ ಹೆಸರು ಸಿ.ವಿ. ಜಾಯಿಂಟ್. ಗ್ಯಾರೇಜುಗಳಲ್ಲಿ ಇದನ್ನು ಶಾಫ್ಟಿನೊಡನೆ ಸೇರಿಸಿ ಬರಿದೇ ‘ಆಕ್ಸಲ್’ ಎನ್ನುವುದೂ ಉಂಟು. ಹೆಸರು ಏನೇ ಇರಲಿ, ಅದು ಕಾರಿನ ಕೀಲು. ಮನುಷ್ಯನ ಮೊಣಕಾಲಿನ ಕೀಲು ಸವೆದಾಗ ಮೆಟ್ಟಿಲೇರುವಾಗಲೇ ಮೊದಲು ತಿಳಿಯುವಂತೆ, ಕಾರಿನ ಕೀಲು ಸವೆದದ್ದೂ ತಿರುವಿನಲ್ಲಿ, ಏರಿನಲ್ಲಿ ಮೊದಲು ತಿಳಿಯುತ್ತದೆ.

ನಮ್ಮ ಹಿರಿಯರ ಕಾಲದ ಅಂಬಾಸಡರ್ ಕಾರಿಗಾಗಲಿ, ಪ್ರೀಮಿಯರ್ ಪದ್ಮಿನಿಗಾಗಲಿ ಈ ಕೀಲು ಇರಲಿಲ್ಲ. ಅವುಗಳಲ್ಲಿ ಎಂಜಿನ್ ಮುಂದೆ, ಶಕ್ತಿ ಹೋಗುತ್ತಿದ್ದುದು ಹಿಂದಿನ ಚಕ್ರಗಳಿಗೆ. ಕಾರಿನ ಉದ್ದಕ್ಕೂ ಹಾಯ್ದ ಒಂದು ದಂಡ, ಅದರ ತುದಿಗಳಲ್ಲಿ ಯೂನಿವರ್ಸಲ್ ಜಾಯಿಂಟ್, ಅಂದರೆ ಗ್ಯಾರೇಜಿನ ಮಾತಿನ ‘ಕ್ರಾಸ್’. 1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800 ಕಾರಿನ ಕೀಲಿಕೈಯನ್ನು ಇಂದಿರಾ ಗಾಂಧಿಯವರು ಖರೀದಿದಾರರ ಕೈಗಿತ್ತ ಮೇಲೆ, ಮುಂದಿನ ಚಕ್ರಗಳಿಂದಲೇ ಎಳೆದುಕೊಂಡು ಹೋಗುವ ಕಾರು ನಮ್ಮ ಊರುಗಳ ಮಧ್ಯಮ ವರ್ಗದ ಮನೆಗಳಿಗೆ ಬರತೊಡಗಿತು. ಅನಂತರ ಬಂದ ಝೆನ್, ಸ್ಯಾಂಟ್ರೊ, ಇಂಡಿಕಾ, ಆಲ್ಟೊ, ಸ್ವಿಫ್ಟ್ ಎಲ್ಲವೂ ಅದೇ ಜಾತಿಯವು. ಈಗ ಬಂದಿರುವ ಟಾಟಾ ನೆಕ್ಸಾನ್ ಇ.ವಿ., ಟಿಯಾಗೊ ಇ.ವಿ. ಮೊದಲಾದ ವಿದ್ಯುತ್ ಕಾರುಗಳಲ್ಲಿಯೂ ಮುಂದಿನ ಚಕ್ರಗಳೇ ಎಳೆಯುವುದರಿಂದ ಈ ಕೀಲು ಉಂಟು. ಎಂಜಿನ್ ಇಲ್ಲದ ಮೇಲೆ ರಿಪೇರಿಯೂ ಇಲ್ಲವೆಂದು ತಿಳಿದವರು ಇದನ್ನು ಗಮನಿಸಬೇಕು.

ಒಂದು ದಂಡವು ಇನ್ನೊಂದಕ್ಕೆ ಓರೆಯಾಗಿ ನಿಂತು ತಿರುಗಬೇಕಾದಾಗ ಹಳೆಯ ‘ಕ್ರಾಸ್’ ಏಕೆ ಸಾಲದು ಎಂಬುದನ್ನು ಸ್ವಲ್ಪ ವಿವರಿಸಬೇಕು. 17ನೆಯ ಶತಮಾನದ ಇಂಗ್ಲಿಷ್ ವಿಜ್ಞಾನಿ ರಾಬರ್ಟ್ ಹುಕ್ ಅವರ ಹೆಸರಿನಿಂದ ಕರೆಯಲ್ಪಡುವ ಆ ಕೀಲಿನಲ್ಲಿ ಒಂದು ದೋಷವಿದೆ. ಒಂದು ಕಡೆಯ ದಂಡ ಒಂದೇ ವೇಗದಲ್ಲಿ ತಿರುಗಿದರೂ ಮತ್ತೊಂದು ಕಡೆಯದು ಪ್ರತಿ ಸುತ್ತಿಗೂ ಎರಡು ಸಲ ಹಿಂದೆ ಬೀಳುತ್ತದೆ, ಎರಡು ಸಲ ಮುಂದೆ ಓಡುತ್ತದೆ. ಓರೆ 30 ಡಿಗ್ರಿ ಇದ್ದರೆ ವೇಗವು ಶೇಕಡ 13ರಷ್ಟು ಕುಗ್ಗಿ, ಶೇಕಡ 15ರಷ್ಟು ಹಿಗ್ಗುತ್ತದೆ. ಕಾರಿನ ಕೆಳಗೆ ಉದ್ದಕ್ಕೆ ಮಲಗಿರುವ ದಂಡದಲ್ಲಿ ಓರೆ ಕಡಿಮೆ ಇರುವುದರಿಂದ ಈ ಕುಲುಕಾಟ ಬಾಧಿಸದು. ಆದರೆ ಸ್ಟಿಯರಿಂಗಿನೊಡನೆ ತಿರುಗುವ ಮುಂಚಕ್ರಕ್ಕೆ ಇದನ್ನೇ ಜೋಡಿಸಿದರೆ ಪ್ರತಿ ತಿರುವಿನಲ್ಲೂ ಸ್ಟಿಯರಿಂಗ್ ಕೈಯಲ್ಲಿ ನಡುಗುತ್ತದೆ. ಇದಕ್ಕೆ ಪರಿಹಾರವಾಗಿ 1920ರ ದಶಕದಲ್ಲಿ ಆಲ್ಫ್ರೆಡ್ ರ್‍ಜೆಪ್ಪಾ ಎಂಬ ಎಂಜಿನಿಯರ್ ಆರು ಉಕ್ಕಿನ ಗುಂಡುಗಳ ಕೀಲನ್ನು ರೂಪಿಸಿದರು. ಒಳಗೊಂದು ನಕ್ಷತ್ರದಾಕಾರದ ಉಕ್ಕು, ಹೊರಗೊಂದು ಗಂಟೆಯಾಕಾರದ ಚಿಪ್ಪು. ಎರಡರಲ್ಲೂ ಆರಾರು ಬಾಗಿದ ಹಾದಿಗಳು. ನಡುವೆ ಒಂದು ಪಂಜರದಲ್ಲಿ ಕುಳಿತ ಆರು ಗುಂಡುಗಳು. ದಂಡಗಳು ಎಷ್ಟೇ ಓರೆಯಾದರೂ ಗುಂಡುಗಳು ಆ ಓರೆಯನ್ನು ಸರಿಯಾಗಿ ಅರ್ಧಿಸುವ ಸಮತಲದಲ್ಲಿಯೇ ನಿಲ್ಲುತ್ತವೆ. ಅದರಿಂದಾಗಿ ಎರಡೂ ಕಡೆಯ ವೇಗ ಸದಾ ಸಮ. ‘ಸಮವೇಗದ ಕೀಲು’ ಎಂಬುದೇ ಸಿ.ವಿ. ಎಂಬ ಎರಡಕ್ಷರಗಳ ಅರ್ಥ. 1959ರಲ್ಲಿ ಇಂಗ್ಲೆಂಡಿನಲ್ಲಿ ಮಿನಿ ಕಾರು ಬಂದ ಮೇಲೆ ಈ ಕೀಲು ಚಿಕ್ಕ ಕಾರುಗಳಲ್ಲಿ ಸಾಮಾನ್ಯವಾಯಿತು.

ಒಂದೊಂದು ಮುಂಚಕ್ರದ ಶಾಫ್ಟಿಗೂ ಎರಡೆರಡು ಕೀಲು. ಚಕ್ರದ ಬಳಿಯದು ಹೊರಕೀಲು. ಆರು ಗುಂಡುಗಳದು ಇದೇ. ಗೇರ್ ಬಾಕ್ಸಿನ ಬಳಿಯದು ಒಳಕೀಲು; ಬಹುತೇಕ ಚಿಕ್ಕ ಕಾರುಗಳಲ್ಲಿ ಅದು ಮೂರು ಉರುಳೆಗಳದು. ಚಕ್ರ ಗುಂಡಿಗೆ ಇಳಿದು ಹತ್ತುವಾಗ ಶಾಫ್ಟಿನ ಅಳತೆ ಹೆಚ್ಚು ಕಡಿಮೆ ಆಗಬೇಕಲ್ಲ, ಆ ಜಾರುವ ಕೆಲಸ ಅದರ ಪಾಲಿನದು. ಇವುಗಳ ಒಳಗಿನ ಸಡಿಲವು ಮಿಲಿಮೀಟರಿನ ನೂರನೆಯ ಭಾಗಗಳ ಲೆಕ್ಕದ್ದು. ಕೃಷ್ಣರಾಜಪೇಟೆಗೆ ಹೊಂದಿಕೊಂಡಿರುವ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯದಲ್ಲಿ ಕಡೆದು ನುಣುಪುಗೊಳಿಸಿದ ಕಂಬಗಳನ್ನು ನೋಡಿದವರಿಗೆ ಉರುಟುತನದ ಬೆಲೆಯನ್ನು ನಾವು ಹೇಳಬೇಕಾಗಿಲ್ಲ. ಕಲ್ಲಿನ ಕಂಬಕ್ಕೆ ಧೂಳು ಕುಳಿತರೆ ಒರೆಸಬಹುದು. ಇಲ್ಲಿ ಧೂಳು ಕುಳಿತರೆ ಅದೇ ಅರ.

ಆ ಧೂಳು ಒಳಹೋಗದಂತೆ ತಡೆಯುವುದು ಒಂದು ರಬ್ಬರಿನ ಕವಚ. ಹಾರ್ಮೋನಿಯಮ್ಮಿನ ತಿದಿಯಂತೆ ಮಡಿಕೆ ಮಡಿಕೆಯಾಗಿರುವ ಇದಕ್ಕೆ ‘ಬೂಟ್’ ಎಂದು ಹೆಸರು. ಒಳಗೆ ಕಪ್ಪು ಗ್ರೀಸನ್ನು ಹಿಡಿದಿಡುವುದೂ ಅದೇ. ನಮ್ಮ ಖಚಿತ ಅಭಿಪ್ರಾಯವನ್ನು ಇಲ್ಲಿಯೇ ಹೇಳಿಬಿಡುತ್ತೇವೆ: ಸಿ.ವಿ. ಜಾಯಿಂಟ್ ತಾನಾಗಿ ಸವೆಯುವುದು ಅಪರೂಪ, ಬೂಟ್ ಹರಿದುದರಿಂದಲೇ ಹಾಳಾಗುವುದು ಹೆಚ್ಚು. ಬೂಟ್ ಗಟ್ಟಿಯಾಗಿದ್ದರೆ ಕೀಲು ಲಕ್ಷ ಕಿಲೋಮೀಟರ್ ದಾಟಿಯೂ ದುಡಿಯುತ್ತದೆ. ಒಂದು ಮಡಿಕೆಯಲ್ಲಿ ಸೀಳು ಬಿಟ್ಟರೆ, ಶಾಫ್ಟ್ ಗಿರ್ರನೆ ತಿರುಗುವಾಗ ಗ್ರೀಸೆಲ್ಲ ಹೊರಕ್ಕೆ ಸಿಡಿಯುತ್ತದೆ. ಅದೇ ಸೀಳಿನಿಂದ ಮರಳೂ ನೀರೂ ಒಳಹೋಗುತ್ತವೆ. ಉಳಿದ ಗ್ರೀಸಿನೊಡನೆ ಮರಳು ಬೆರೆತು, ಉಕ್ಕನ್ನು ಉಜ್ಜುವ ಲೇಪವೇ ತಯಾರಾಗುತ್ತದೆ. ಬೂಟಿನ ಬೆಲೆ ಕೆಲವು ನೂರು ರೂಪಾಯಿ. ಇಡೀ ಶಾಫ್ಟಿನದು ಸಾವಿರಗಳ ಲೆಕ್ಕ. ಮನೆಯ ಖರ್ಚು ವೆಚ್ಚ ನೋಡುವವರು ಗಮನಿಸಬೇಕಾದ ಅಂಶ ಇದು.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಬೂಟಿನ ಶತ್ರುಗಳು ಬೇರೆ ಕಡೆಗಿಂತ ಹೆಚ್ಚೆಂದೇ ಹೇಳಬೇಕು. ಶ್ರೀರಂಗಪಟ್ಟಣ, ಪಾಂಡವಪುರಗಳ ನಾಲೆಯ ಬಯಲಿನಲ್ಲಿ ನಾಟಿಯ ದಿನಗಳಲ್ಲಿ ಟ್ರ್ಯಾಕ್ಟರುಗಳ ಕಬ್ಬಿಣದ ಚಕ್ರಗಳು ಗದ್ದೆಯ ಕೆಸರನ್ನು ರಸ್ತೆಗೆ ತಂದು ಹಾಕುತ್ತವೆ. ಅದು ಕಾರಿನ ಕೆಳಗೆ ಮೆತ್ತಿಕೊಂಡು ಒಣಗಿ ಹೆಂಟೆಯಾಗಿ, ಮಡಿಕೆಗಳ ನಡುವೆ ಕುಳಿತು ತಿಕ್ಕುತ್ತದೆ. ಕಬ್ಬು ಕಡಿಯುವ ಕಾಲದಲ್ಲಿ ತೋಟದ ಹಾದಿಗೆ ಕಾರು ಇಳಿಸಿದರೆ, ಓರೆಯಾಗಿ ಕಡಿದ ಕೂಳೆಗಳು ಈಟಿಯ ಮೊನೆಯಂತೆ ನಿಂತಿರುತ್ತವೆ. ಎತ್ತರ ಕಡಿಮೆಯ ಕಾರಿಗೆ ಅಂಥ ಒಂದೇ ತಿವಿತ ಸಾಕು. ನಾಗಮಂಗಲದ ಕಡೆ ಕೆಸರು ಕಡಿಮೆ, ನೊರಜುಗಲ್ಲು ಹೆಚ್ಚು. ಸೀಳಿದ ಬೂಟಿನೊಡನೆ ಒಂದು ತಿಂಗಳು ದೇವಲಾಪುರ, ಹೊಣಕೆರೆ ಸುತ್ತಿನ ಮಣ್ಣುದಾರಿಗಳಲ್ಲಿ ಓಡಾಡಿದ ಕಾರಿನ ಕೀಲನ್ನು ಬಿಚ್ಚಿ ನೋಡಿದರೆ, ಒಳಗಿನ ಗ್ರೀಸು ಬೆರಳಿಗೆ ಸಾಣೆಪುಡಿಯಂತೆ ತಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಶತ್ರು, ನಮ್ಮ ಎಣಿಕೆಯಲ್ಲಿ, ರಸ್ತೆಯ ಮೇಲಿನ ಒಕ್ಕಣೆ. ಸುಗ್ಗಿಯ ದಿನಗಳಲ್ಲಿ ನಾಗಮಂಗಲ, ಕೃಷ್ಣರಾಜಪೇಟೆಯ ಹಳ್ಳಿಗಳ ಡಾಂಬರು ರಸ್ತೆಗಳ ಮೇಲೆ ರಾಗಿ ತೆನೆ, ಹುರುಳಿ ಬಳ್ಳಿ ಹಾಸಿರುತ್ತಾರೆ. ಹೋಗುವ ಬರುವ ವಾಹನಗಳೇ ರೋಣಗಲ್ಲು. ರೈತರನ್ನು ಮಾತ್ರ ದೂರುವುದು ನ್ಯಾಯವಲ್ಲ. ಕಣ ಮಾಡಲು ಜಾಗವೂ ಇಲ್ಲ, ಸಗಣಿ ಸಾರಿಸಿ ಗುಂಡು ಹೊಡೆಯುವ ಕೈಗಳೂ ಇಲ್ಲ. ಬೇಡವೆಂದು ಅಧಿಕಾರಿಗಳು ಎಚ್ಚರಿಸಿದರೂ ಒಕ್ಕಣೆ ನಡೆದೇ ಇದೆ. ಆದರೆ ಹುರುಳಿಯ ಬಳ್ಳಿ ನೂಲಿನಂಥದು. ತಿರುಗುವ ಶಾಫ್ಟಿಗೆ ಒಂದು ಎಳೆ ಸಿಕ್ಕಿದರೆ ಸಾಕು, ಉಳಿದುದನ್ನೆಲ್ಲ ರಾಟೆಯಂತೆ ಸುತ್ತಿಕೊಳ್ಳುತ್ತದೆ. ಸುತ್ತಿದ ಹುಲ್ಲಿನ ಉಂಡೆ ಬೂಟಿಗೆ ಒತ್ತಿಕೊಂಡು ಉಜ್ಜಿ, ರಬ್ಬರನ್ನೂ ಅದನ್ನು ಬಿಗಿದ ಪಟ್ಟಿಯನ್ನೂ ಕಿತ್ತುಹಾಕುತ್ತದೆ. ಅದೇ ಉಂಡೆ ಕಾದ ಸೈಲೆನ್ಸರ್ ಕೊಳವೆಗೆ ತಾಗಿದರೆ ಬೆಂಕಿ ಹೊತ್ತಿಕೊಳ್ಳುವ ಭಯವೂ ಉಂಟು. ಅನ್ಯಮಾರ್ಗವಿಲ್ಲದೆ ಒಕ್ಕಣೆಯ ಮೇಲೆ ಹಾಯಲೇಬೇಕಾಗಿ ಬಂದರೆ ನಿಧಾನವಾಗಿ ದಾಟಿ, ಮುಂದೆ ಬಯಲು ಸಿಕ್ಕಿದೊಡನೆ ನಿಲ್ಲಿಸಿ, ಎಂಜಿನ್ ಆರಿಸಿ, ಎರಡೂ ಮುಂಚಕ್ರಗಳ ಹಿಂದೆ ಬಗ್ಗಿ ನೋಡಬೇಕು. ಸುತ್ತಿದ ಎಳೆಗಳನ್ನು ಕೈಯಿಂದ ಬಿಡಿಸಬೇಕೇ ಹೊರತು ಕುಡುಗೋಲು, ಚಾಕು ಹಾಕಬಾರದು. ಹುಲ್ಲಿನ ಜೊತೆ ಬೂಟೂ ಕತ್ತರಿಸಿಹೋಗುತ್ತದೆ. ಪಕ್ಕದ ಸೈಲೆನ್ಸರ್ ಕಾದಿರುತ್ತದೆ ಎಂಬುದು ನೆನಪಿರಲಿ.

ಇಲಿಗಳ ವಿಷಯ ಬರೆದರೆ ಓದುಗರು ನಗಬಹುದು. ಹುಲ್ಲಿನ ಬಣವೆಯ ಮಗ್ಗುಲಲ್ಲಿ ಕಾರು ನಿಲ್ಲಿಸುವ ಮನೆಗಳಲ್ಲಿ ಬೂಟಿನ ಮೇಲೆ ಹಲ್ಲಿನ ಗುರುತು ಕಾಣುವುದು ನಗುವ ಮಾತಲ್ಲ.

ಇನ್ನು ಪರೀಕ್ಷೆಗೆ ಬರೋಣ. ಸಂತೆ ಇಲ್ಲದ ದಿನದ ಸಂತೆಮಾಳ, ಬಿಡುವಿನ ದಿನದ ಶಾಲಾ ಬಯಲು, ಇಂಥ ಒಂದು ವಿಶಾಲ ಜಾಗಕ್ಕೆ ಕಾರನ್ನು ಒಯ್ಯಿರಿ. ಮಕ್ಕಳೂ ದನಗಳೂ ಸುತ್ತ ಇಲ್ಲವೆಂದು ಖಚಿತಪಡಿಸಿಕೊಳ್ಳಿರಿ. ಗಾಜುಗಳನ್ನು ಇಳಿಸಿ, ರೇಡಿಯೊ ನಿಲ್ಲಿಸಿ, ಸ್ಟಿಯರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ, ಮೊದಲ ಗೇರಿನಲ್ಲಿ ಸ್ವಲ್ಪ ಆಕ್ಸಿಲರೇಟರ್ ಒತ್ತುತ್ತ ಒಂದು ಸುತ್ತು ಬನ್ನಿರಿ. ಅನಂತರ ಇನ್ನೊಂದು ಕಡೆಗೆ ಹಾಗೆಯೇ. ಹಿಮ್ಮುಖವಾಗಿಯೂ ಒಮ್ಮೆ ಸುತ್ತಿ ನೋಡುವುದು ಒಳ್ಳೆಯದು. ಚಕ್ರದ ವೇಗಕ್ಕೆ ತಕ್ಕಂತೆ ಕಟಕಟ ಸದ್ದು ತೀವ್ರವಾಗುತ್ತ, ಆಕ್ಸಿಲರೇಟರ್ ಬಿಟ್ಟೊಡನೆ ಇಳಿದುಹೋದರೆ ಅದು ಹೊರಕೀಲೇ ಸರಿ. ಎಡಕ್ಕೆ ತಿರುಗುವಾಗ ಸದ್ದು ಹೆಚ್ಚಾದರೆ ಬಲಚಕ್ರದ ಕೀಲು, ಬಲಕ್ಕೆ ಹೆಚ್ಚಾದರೆ ಎಡಚಕ್ರದ್ದು ಎಂಬುದು ಮೆಕ್ಯಾನಿಕರ ಸಾಮಾನ್ಯ ಲೆಕ್ಕ. ಇದು ಸದಾ ನಿಜವಾಗುವುದಿಲ್ಲ. ತಿರುವಿನ ಒಳಬದಿಯ ಚಕ್ರ ಹೊರಬದಿಯದಕ್ಕಿಂತ ಹೆಚ್ಚು ಓರೆಯಾಗುವುದರಿಂದ ಒಮ್ಮೊಮ್ಮೆ ಒಳಬದಿಯದೇ ಕೂಗುತ್ತದೆ. ಆದುದರಿಂದ ಕಿವಿಯ ಸಾಕ್ಷ್ಯಕ್ಕೆ ಕಣ್ಣಿನ ಸಾಕ್ಷ್ಯ ಕೂಡಬೇಕು.

ಕಣ್ಣಿನ ಪರೀಕ್ಷೆಗೆ ಗ್ಯಾರೇಜು ಬೇಡ. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಮುಂಚಕ್ರದ ಹಿಂಬದಿಗೆ ಟಾರ್ಚ್ ಬಿಟ್ಟರೆ ಬೂಟ್ ಸ್ಪಷ್ಟವಾಗಿ ಕಾಣುತ್ತದೆ. ಮಡಿಕೆಗಳ ನಡುವಿನ ತಗ್ಗುಗಳಲ್ಲಿ ಸೀಳಿದೆಯೇ ನೋಡಿರಿ. ಸೀಳು ಹುಟ್ಟುವುದು ಅಲ್ಲಿಯೇ. ಚಕ್ರದ ಒಳಮೈ, ಮಡ್‌ಗಾರ್ಡಿನ ಒಳಭಾಗಗಳಲ್ಲಿ ಕಪ್ಪು ಗ್ರೀಸು ಚುಕ್ಕೆ ಚುಕ್ಕೆಯಾಗಿ ಸಿಡಿದಿದ್ದರೆ ಬೂಟ್ ಹರಿದಿದೆ ಎಂದೇ ಅರ್ಥ, ಸದ್ದು ಇರಲಿ ಇಲ್ಲದಿರಲಿ. ಸದ್ದಿಲ್ಲದೆ ಗ್ರೀಸು ಮಾತ್ರ ಸಿಡಿದಿರುವ ಆ ಹಂತವೇ ಹಣ ಉಳಿಸುವ ಹಂತ. ಆಗ ಕೀಲನ್ನು ಬಿಚ್ಚಿ, ತೊಳೆದು, ಹೊಸ ಗ್ರೀಸು ತುಂಬಿ, ಬೂಟ್ ಬದಲಾಯಿಸಿದರೆ ಮುಗಿಯಿತು. ಕಟಕಟ ಸದ್ದು ಹುಟ್ಟಿದ ಮೇಲೆ ಬೂಟ್ ಒಂದನ್ನೇ ಬದಲಾಯಿಸುವುದು ಹುಣ್ಣನ್ನು ತೊಳೆಯದೆ ಬಟ್ಟೆ ಕಟ್ಟಿದಂತೆ. ಗುಂಡುಗಳ ಹಾದಿಯಲ್ಲಿ ಬಿದ್ದ ಕುಳಿಗಳನ್ನು ಯಾವ ಗ್ರೀಸೂ ತುಂಬಲಾರದು.

ಒಳಕೀಲಿನ ಲಕ್ಷಣವೇ ಬೇರೆ. ಅದು ತಿರುವಿನಲ್ಲಿ ಕೂಗುವುದಿಲ್ಲ. ನೇರ ರಸ್ತೆಯಲ್ಲಿ ವೇಗ ಹೆಚ್ಚಿಸುವಾಗ ಕಾರಿನ ಮುಂಭಾಗವೆಲ್ಲ ಎಡಬಲಕ್ಕೆ ಅದುರುತ್ತದೆ. ಆಕ್ಸಿಲರೇಟರ್ ಸಡಿಲಿಸಿದರೆ ಅದುರು ನಿಲ್ಲುತ್ತದೆ. ಹಳ್ಳಿಯ ರಸ್ತೆಗಳಲ್ಲಿ ಇದು ತಿಳಿಯದೇ ಹೋಗಬಹುದು. 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಹತ್ತಿ ವೇಗ ಏರಿಸಿದಾಗಲೇ ಅನೇಕರಿಗೆ ಇದು ಮೊದಲ ಸಲ ಅನುಭವಕ್ಕೆ ಬರುತ್ತದೆ. ಚಕ್ರದ ಸಮತೋಲ ತಪ್ಪಿದರೂ ಅದುರು ಬರುವುದುಂಟು; ಆದರೆ ಅದು ಆಕ್ಸಿಲರೇಟರ್ ಬಿಟ್ಟರೂ ಉಳಿಯುತ್ತದೆ. ಹೀಗೆ ಒಂದನ್ನೊಂದು ಬೇರ್ಪಡಿಸುವ ಕುರುಹುಗಳನ್ನು ತಿಳಿದಿರುವುದು ಅಗತ್ಯ. ವೇಗ ಹೆಚ್ಚಿದಂತೆಲ್ಲ ‘ಗುಂಯ್’ ಎಂದು ಹೆಚ್ಚುವ, ಆಕ್ಸಿಲರೇಟರಿಗೆ ಸಂಬಂಧವೇ ಇಲ್ಲದ ಸದ್ದು ಚಕ್ರದ ಬೇರಿಂಗಿನದು. ಉಬ್ಬು ದಾಟುವಾಗ ‘ಡಬ್’ ಎಂದರೆ ಬಾಲ್ ಜಾಯಿಂಟ್, ಬುಷ್, ಷಾಕ್ ಅಬ್ಸಾರ್ಬರುಗಳ ಕಡೆ ನೋಡಬೇಕು. ಗೇರ್ ಹಾಕಿ ಕ್ಲಚ್ ಬಿಡುವಾಗ ಒಮ್ಮೆ ಮಾತ್ರ ‘ಠಕ್’ ಎಂದರೆ ಎಂಜಿನ್ನನ್ನು ಹೊತ್ತ ರಬ್ಬರುಗಳೂ ಇರಬಹುದು, ಒಳಕೀಲೂ ಇರಬಹುದು. ಟೈರಿನ ಕಚ್ಚಿನಲ್ಲಿ ಸಿಕ್ಕಿಕೊಂಡ ಒಂದು ಜಲ್ಲಿಕಲ್ಲು ನೇರ ರಸ್ತೆಯಲ್ಲೂ ಕಟಕಟ ಎನ್ನುತ್ತದೆ. ಗ್ಯಾರೇಜಿಗೆ ಹೋಗುವ ಮೊದಲು ಅದನ್ನು ತೆಗೆದು ನೋಡಿದರೆ ಬಾಯಿಬಿಡುವ ಮುಜುಗರ ತಪ್ಪುತ್ತದೆ.

ಮೇಲುಕೋಟೆಯ ಬೆಟ್ಟದ ಹಾದಿ ಈ ಪರೀಕ್ಷೆಗೆ ಹೇಳಿ ಮಾಡಿಸಿದಂಥದು. ಏರು ಮತ್ತು ತಿರುವು ಕೂಡಿ, ಕಾರು ತುಂಬ ಜನರಿದ್ದಾಗ, ಸವೆತದ ಆರಂಭದಲ್ಲಿರುವ ಕೀಲೂ ಗುಟ್ಟು ಬಿಟ್ಟುಕೊಡುತ್ತದೆ. ಬಯಲಿನಲ್ಲಿ ಕೇಳದ ಸದ್ದು ಅಲ್ಲಿ ಕೇಳಿಸಿದರೆ ಆ ಪಯಣವನ್ನು ನಿಧಾನವಾಗಿ ಮುಗಿಸಿ, ಮುಂದಿನ ಪಯಣಕ್ಕೆ ಮೊದಲು ತೋರಿಸಬೇಕು.

ತೋರಿಸದಿದ್ದರೆ, ಅಥವಾ ತೋರಿಸಿಯೂ ತಪ್ಪಾಗಿ ಗುರುತಿಸಿದರೆ ಏನಾಗುತ್ತದೆ ಎಂಬುದಕ್ಕೆ ನಮಗೆ ಪರಿಚಿತವಾದ ಒಂದು ಕುಟುಂಬದ ಅನುಭವವನ್ನು ಹೇಳುತ್ತೇವೆ. ನಾಗಮಂಗಲ ತಾಲ್ಲೂಕಿನ ಆ ಮನೆಯ ಹಿರಿಯರನ್ನು ವಾರಕ್ಕೆ ಎರಡು ಸಲ ಡಯಾಲಿಸಿಸ್ ಚಿಕಿತ್ಸೆಗಾಗಿ ಮೈಸೂರಿಗೆ ಕರೆದೊಯ್ಯಬೇಕಾಗಿತ್ತು. ಕಾರನ್ನು ನಡೆಸುತ್ತಿದ್ದವರು ಸೊಸೆ. ತಿರುವಿನ ಸದ್ದನ್ನು ಅವರೇ ಮೊದಲು ಗಮನಿಸಿ ಹೇಳಿದ್ದರು. ಒಂದು ಗ್ಯಾರೇಜಿನಲ್ಲಿ ಸದ್ದನ್ನು ಕೇಳಿಯೂ ನೋಡದೆ ಚಕ್ರದ ಬೇರಿಂಗ್ ಬದಲಾಯಿಸಿದರು. ಸದ್ದು ಹೋಗಲಿಲ್ಲ. ಮತ್ತೊಂದು ಕಡೆ ಷಾಕ್ ಅಬ್ಸಾರ್ಬರುಗಳನ್ನು ಬದಲಾಯಿಸಿದರು. ಆಗಲೂ ಹೋಗಲಿಲ್ಲ. ಹಣ ಸಾಕಷ್ಟು ಖರ್ಚಾಗಿದ್ದುದರಿಂದ, ಹೆಣ್ಣುಮಗಳಿಗೆ ಇಲ್ಲದ ಸದ್ದು ಕೇಳಿಸುತ್ತದೆ ಎಂದು ಮನೆಯಲ್ಲಿ ಮಾತು ಬಂತು. ಒಂದು ಬೆಳಗ್ಗೆ ಜಕ್ಕನಹಳ್ಳಿ ದಾಟಿ ಪಾಂಡವಪುರದ ಕಡೆಗೆ ಬರುತ್ತಿದ್ದಾಗ ಎಡಬದಿಯ ಹೊರಕೀಲಿನ ಪಂಜರ ಒಡೆದು, ಗುಂಡುಗಳು ಚೆಲ್ಲಿ, ಕಾರು ನಿಂತಿತು. ಎಂಜಿನ್ ಓಡುತ್ತಿದೆ, ಗೇರ್ ಬೀಳುತ್ತಿದೆ, ಚಕ್ರ ಮಾತ್ರ ತಿರುಗದು. ಆ ಹಾದಿಯಲ್ಲಿ ಬಂದ ಒಂದು ಸರಕಿನ ಟೆಂಪೊದವರು ಹಿರಿಯರನ್ನು ಮುಂದಿನ ಆಸನದಲ್ಲಿ ಕೂರಿಸಿಕೊಂಡು ಹೋದುದರಿಂದ ಚಿಕಿತ್ಸೆ ತಪ್ಪಲಿಲ್ಲ, ಎರಡು ಗಂಟೆ ತಡವಾಯಿತು. ಎರಡು ಗ್ಯಾರೇಜುಗಳಲ್ಲಿ ಒಬ್ಬರಾದರೂ ಟಾರ್ಚ್ ಹಿಡಿದು ಬಗ್ಗಿದ್ದರೆ ಹರಿದ ಬೂಟ್ ಕಣ್ಣಿಗೆ ಬೀಳುತ್ತಿತ್ತು. ವಾಹನ ನಡೆಸುವವರು ಗಂಡಸಾಗಲಿ ಹೆಂಗಸಾಗಲಿ, ಅವರು ಕೇಳಿದ ಸದ್ದನ್ನು ಮನೆಯವರು ನಂಬಬೇಕು. ನಂಬದಿದ್ದರೆ ಕನಿಷ್ಠ ಪಕ್ಕದಲ್ಲಿ ಕುಳಿತು ಕೇಳಬೇಕು.

ಒಂದೇ ಕಡೆಯ ಶಾಫ್ಟ್ ಹೋದರೂ ಕಾರು ಪೂರ್ತಿ ನಿಲ್ಲುವುದೇಕೆಂದು ಹಲವರು ಕೇಳುತ್ತಾರೆ. ಗೇರ್ ಬಾಕ್ಸಿನೊಳಗಿನ ಡಿಫರೆನ್ಷಿಯಲ್ ಎಂಬ ಯಂತ್ರ ಸುಲಭವಾಗಿ ತಿರುಗುವ ಕಡೆಗೇ ತಿರುಗಿಬಿಡುತ್ತದೆ. ಮುರಿದ ಕಡೆ ಯಾವ ತಡೆಯೂ ಇಲ್ಲದಿರುವುದರಿಂದ ಎಲ್ಲವೂ ಅಲ್ಲಿಯೇ ವ್ಯರ್ಥ. ಇದೇ ಕಾರಣದಿಂದ, ಶಾಫ್ಟ್ ಮುರಿದ ಕಾರನ್ನು ಗೇರಿನಲ್ಲಿ ಬಿಟ್ಟು ಇಳಿದರೆ ಇಳಿಜಾರಿನಲ್ಲಿ ಅದು ಉರುಳುತ್ತದೆ. ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಲೇಬೇಕು. ನಾಲೆಯ ಏರಿಗಳ ಮೇಲೆ ಇದು ಪ್ರಾಣದ ಪ್ರಶ್ನೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ಮಡಿದುದನ್ನು ಈ ಸೀಮೆ ಮರೆತಿಲ್ಲ. ಆ ದುರಂತಕ್ಕೂ ಈ ಕೀಲಿಗೂ ನಾವು ಸಂಬಂಧ ಕಲ್ಪಿಸುತ್ತಿಲ್ಲ. ನಾಲೆಯಂಚಿನಲ್ಲಿ ಸ್ವಾಧೀನ ತಪ್ಪಿದ ವಾಹನದ ಗತಿ ಏನೆಂಬುದನ್ನಷ್ಟೇ ನೆನಪಿಸುತ್ತಿದ್ದೇವೆ. ಅಂಥ ಕಡೆ ಕಾರು ನಿಂತರೆ ಎಲ್ಲರನ್ನೂ ಇಳಿಸಿ, ರಸ್ತೆಯಿಂದಲೂ ನೀರಿನಿಂದಲೂ ದೂರ ನಿಲ್ಲಿಸಿ, ನಾಲ್ಕೂ ಮಿಣುಕುದೀಪ ಹಾಕಿ ನೆರವು ಕರೆಯಬೇಕು. ರಾಷ್ಟ್ರೀಯ ಹೆದ್ದಾರಿಗಳಲ್ಲಾದರೆ 1033, ಎಲ್ಲಿಯಾದರೂ ತುರ್ತಿಗೆ 112. ಹಗ್ಗ ಕಟ್ಟಿ ಎಳೆಸುವುದಕ್ಕಿಂತ ವಾಹನವನ್ನು ಪೂರ್ತಿ ಹೇರಿಕೊಂಡು ಹೋಗುವ ಲಾರಿ ಮೇಲು. ಮುರಿದ ಶಾಫ್ಟ್ ನೇತಾಡುತ್ತ ಬ್ರೇಕಿನ ಕೊಳವೆಗೆ ಬಡಿಯುವ ಅಪಾಯವಿದೆ.

ಬದಲಾಯಿಸುವ ಕೆಲಸವನ್ನು ಮನೆಯಲ್ಲಿ ಮಾಡಿರೆಂದು ನಾವು ಹೇಳುವುದಿಲ್ಲ. ಸರಿಯಾದ ಸ್ಟ್ಯಾಂಡ್‌ಗಳಿಲ್ಲದೆ ಬರಿಯ ಜ್ಯಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾರೂ ತೂರಬಾರದು. ಆದರೆ ಕೆಲಸ ಹೇಗೆ ನಡೆಯಬೇಕೆಂಬುದು ತಿಳಿದಿದ್ದರೆ ಎದುರಿಗೆ ನಿಂತು ನೋಡಬಹುದು, ಎರಡು ಪ್ರಶ್ನೆ ಕೇಳಬಹುದು.

ಕಾರು ಇನ್ನೂ ನೆಲದ ಮೇಲಿರುವಾಗಲೇ, ಒಬ್ಬರು ಬ್ರೇಕ್ ತುಳಿದಿರಲು, ಚಕ್ರದ ನಡುವಿನ ದೊಡ್ಡ ನಟ್ಟನ್ನು ಸಡಿಲಿಸಬೇಕು. ಅನಂತರ ಕಾರನ್ನು ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಚಕ್ರ ತೆಗೆದು, ಗೇರ್ ಆಯಿಲ್ ಬಸಿಯಬೇಕು. ಬಸಿಯದೆ ಶಾಫ್ಟ್ ಕಿತ್ತರೆ ಎಣ್ಣೆಯೆಲ್ಲ ನೆಲಕ್ಕೆ. ಕೆಳಗಿನ ಬಾಲ್ ಜಾಯಿಂಟನ್ನು ಬಿಡಿಸಿ, ಚಕ್ರದ ಹಬ್ಬನ್ನು ಹೊರಕ್ಕೆ ವಾಲಿಸಿದರೆ ಶಾಫ್ಟಿನ ಹೊರತುದಿ ಬಿಡುಗಡೆಯಾಗುತ್ತದೆ. ಒಳತುದಿಯನ್ನು ಗೇರ್ ಬಾಕ್ಸಿನ ಬಳಿ ಸನ್ನೆಗೋಲಿನಿಂದ ಎಬ್ಬಿಸಬೇಕು. ಶಾಫ್ಟ್ ಹಿಡಿದು ಜಗ್ಗಿದರೆ ಒಳಕೀಲು ಬಿಚ್ಚಿಕೊಂಡು ಉರುಳೆಗಳು ಉದುರುತ್ತವೆ. ಸನ್ನೆಗೋಲು ಎಣ್ಣೆ ತಡೆಯುವ ಸೀಲಿಗೆ ತಾಗಬಾರದು. ಅಷ್ಟು ದೂರ ಬಿಚ್ಚಿದ ಮೇಲೆ ಸೀಲನ್ನೂ ಹೊಸದು ಹಾಕಿಸುವುದೇ ಜಾಣತನ. ಅದರ ಬೆಲೆ ಅಲ್ಪ, ಅದಕ್ಕಾಗಿ ಮತ್ತೆ ಬಿಚ್ಚಿಸುವ ಕೂಲಿ ಅಲ್ಪವಲ್ಲ. ಶಾಫ್ಟ್ ತೆಗೆದ ಕಾರನ್ನು ಚಕ್ರ ಹಾಕಿ ತಳ್ಳಿಕೊಂಡು ಜಾಗ ಬದಲಾಯಿಸುವ ಅಭ್ಯಾಸ ಕೆಲವು ಕಡೆ ಕಂಡಿದ್ದೇವೆ. ಬಹುತೇಕ ಕಾರುಗಳಲ್ಲಿ ಚಕ್ರದ ಬೇರಿಂಗನ್ನು ಬಿಗಿಹಿಡಿದಿರುವುದು ಆ ಶಾಫ್ಟಿನ ತುದಿ ಮತ್ತು ನಟ್ಟು. ಅವಿಲ್ಲದೆ ಭಾರ ಬಿದ್ದರೆ ಒಳ್ಳೆಯ ಬೇರಿಂಗೂ ಕೆಡುತ್ತದೆ.

ಹೊರಕೀಲನ್ನು ಮಾತ್ರ ಬದಲಾಯಿಸುವುದಾದರೆ ಹಳೆಯದನ್ನು ಒಳಮೈಯ ಮೇಲೆ ಹಿತ್ತಾಳೆಯ ತುಂಡಿಟ್ಟು ಬಡಿದು ಕಳಚುತ್ತಾರೆ. ಹೊಸ ಕೀಲನ್ನು ಶಾಫ್ಟಿಗೆ ಏರಿಸುವ ಮೊದಲೇ ಬೂಟನ್ನೂ ಅದರ ಪಟ್ಟಿಯನ್ನೂ ಏರಿಸಿಕೊಂಡಿರಬೇಕು. ಇದನ್ನು ಮರೆತು ಮತ್ತೆ ಬಡಿದು ಬಿಚ್ಚುವ ಹುಡುಗರನ್ನು ಎಲ್ಲ ಗ್ಯಾರೇಜುಗಳಲ್ಲೂ ಕಾಣಬಹುದು. ಗ್ರೀಸಿನ ವಿಷಯದಲ್ಲಿ ರಾಜಿ ಬೇಡ. ಬಂಡಿಯ ಕೀಲಿಗೂ ಟ್ರಾಲಿಯ ಗುಂಬಕ್ಕೂ ಹಾಕುವ ಸಾಧಾರಣ ಗ್ರೀಸು ಇಲ್ಲಿ ನಿಲ್ಲದು. ಮಾಲಿಬ್ಡಿನಮ್ ಡೈಸಲ್ಫೈಡ್ ಬೆರೆತ ಕಪ್ಪು ಗ್ರೀಸೇ ಬೇಕು. ಹೊಸ ಬೂಟಿನೊಡನೆ ಅಳತೆಯ ಪೊಟ್ಟಣ ಬರುತ್ತದೆ. ಅದರ ಬಹುಭಾಗವನ್ನು ಗುಂಡುಗಳ ನಡುವೆ ಒತ್ತಿ ತುಂಬಿ, ಉಳಿದುದನ್ನು ಬೂಟಿನೊಳಗೆ ಹಾಕಬೇಕು. ಪಟ್ಟಿ ಬಿಗಿಯುವ ಮುನ್ನ ಬೂಟಿನ ಅಂಚನ್ನು ಸ್ವಲ್ಪ ಎತ್ತಿ ಒಳಗಿನ ಗಾಳಿ ಬಿಡದಿದ್ದರೆ ಅದು ಉಬ್ಬಿಕೊಂಡು ಬೇಗ ಹರಿಯುತ್ತದೆ. ತಂತಿಯಿಂದ ಕಟ್ಟುವುದು, ಟ್ಯೂಬಿನ ಚೂರು ಸುತ್ತುವುದು ಊರು ಮುಟ್ಟುವ ತನಕದ ಉಪಾಯಗಳೇ ಹೊರತು ರಿಪೇರಿ ಅಲ್ಲ.

ಕೊನೆಯಲ್ಲಿ ದೊಡ್ಡ ನಟ್ಟು. ಅದನ್ನು ಹೊಸದಾಗಿಯೇ ಹಾಕಬೇಕು, ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು. ಚಿಕ್ಕ ಕಾರುಗಳಲ್ಲಿಯೂ ಇದರ ಬಿಗಿತ ಸಾಮಾನ್ಯವಾಗಿ 150 ನ್ಯೂಟನ್ ಮೀಟರಿಗೆ ಮೇಲೆ, ಅಂದರೆ ಚಕ್ರದ ನಟ್ಟುಗಳಿಗಿಂತ ಸುಮಾರು ಎರಡು ಪಟ್ಟು. ನಿಖರವಾದ ಅಂಕಿ ಆಯಾ ಕಾರಿನ ಕೈಪಿಡಿಯಲ್ಲಿರುತ್ತದೆ. ಕೈ ಅಂದಾಜಿನಲ್ಲಿ ಬಿಗಿದ ನಟ್ಟು ಸಡಿಲವಾದರೂ ಅತಿಯಾದರೂ ಬೇರಿಂಗಿಗೆ ಕುತ್ತು. ಬಿಗಿದ ಮೇಲೆ ನಟ್ಟಿನ ಅಂಚನ್ನು ತಗ್ಗಿಗೆ ಬಡಿದು ಕೂರಿಸುವುದನ್ನೋ, ಪಿನ್ನು ಹಾಕುವುದನ್ನೋ ಕಣ್ಣಾರೆ ನೋಡಿರಿ. ಗೇರ್ ಆಯಿಲ್ ಮತ್ತೆ ತುಂಬಿದರೇ ಎಂದು ಕೇಳಿರಿ. ಇದು ಮರೆತುಹೋಗಿ ಗೇರ್ ಬಾಕ್ಸೇ ಸುಟ್ಟರೆ ಹೊಸ ಕೀಲಿನಿಂದೇನು ಫಲ?

ಭಾಗಗಳನ್ನು ಕೊಳ್ಳುವಾಗ ಹಳೆಯದನ್ನು ಕೈಯಲ್ಲಿ ಹಿಡಿದೇ ಹೋಗುವುದು ಲೇಸು. ಒಂದೇ ಹೆಸರಿನ ಕಾರಿನಲ್ಲೂ ತಯಾರಾದ ವರ್ಷಕ್ಕೆ ತಕ್ಕಂತೆ ಶಾಫ್ಟಿನ ಹಲ್ಲುಗಳ ಎಣಿಕೆ ಬೇರೆಯಾಗಿರುತ್ತದೆ. ಎ.ಬಿ.ಎಸ್. ಇರುವ ಕೆಲವು ಕಾರುಗಳಲ್ಲಿ ಹೊರಕೀಲಿನ ಮೇಲೆಯೇ ಹಲ್ಲಿನ ಬಳೆಯೊಂದಿರುತ್ತದೆ. ಅದಿಲ್ಲದ ಕೀಲನ್ನು ಹಾಕಿದರೆ ಎಚ್ಚರಿಕೆಯ ದೀಪ ಆರುವುದಿಲ್ಲ. ಗುಜರಿಯಿಂದ ತಂದ ಹಳೆಯ ಶಾಫ್ಟಿಗೆ ಹೊಸ ಬೂಟ್ ತೊಡಿಸಿ ‘ಸೆಕೆಂಡ್ಸ್’ ಎಂದು ಮಾರುವುದು ಇದ್ದೇ ಇದೆ. ಹೊರಗಿನಿಂದ ನೋಡಿ ಒಳಗಿನ ಕುಳಿ ಕಾಣದು, ಆದುದರಿಂದ ದೂರ ಪ್ರಯಾಣದ ಕಾರಿಗೆ ನಾವು ಅದನ್ನು ಒಪ್ಪುವುದಿಲ್ಲ. ಎಡಬಲದ ಹೊರಕೀಲುಗಳು ಒಂದೇ ಬಗೆಯವಾದ ಕಾರುಗಳಲ್ಲಿ ಹಳಬ ಮೆಕ್ಯಾನಿಕರು ಎರಡನ್ನೂ ಅದಲುಬದಲು ಮಾಡಿ ಸದ್ದು ನಿಲ್ಲಿಸುವುದೂ ಉಂಟು. ಅದರಲ್ಲಿ ಮೋಸವಿಲ್ಲ: ಕಡೆ ಬದಲಾದಾಗ ಗುಂಡುಗಳು ಹಾದಿಯ ಸವೆಯದ ಮಗ್ಗುಲಿಗೆ ಒತ್ತುತ್ತವೆ. ತೋಟಕ್ಕೂ ಊರಿಗೂ ಓಡಾಡುವ ಹಳೆಯ ಕಾರಿಗೆ ಕೆಲವು ತಿಂಗಳು ನಡೆದೀತು. ಆಸ್ಪತ್ರೆಗೆ ಹೋಗಿ ಬರುವ ಕಾರಿಗೆ ಸಲ್ಲದು.

ಓಮ್ನಿ, ಬೊಲೆರೊ, ಟಾಟಾ ಏಸ್, ಹಳೆಯ ಇನ್ನೋವಾ ಇಟ್ಟುಕೊಂಡವರಿಗೆ ಮುಂಚಕ್ರದ ಈ ತಾಪತ್ರಯವಿಲ್ಲ. ಅವೆಲ್ಲ ಹಿಂಚಕ್ರ ಎಳೆಯುವ ವಾಹನಗಳು. ಹೊರಡುವಾಗ ನಡುವೆ ‘ಠಣ್’ ಎಂದರೆ ಕ್ರಾಸ್ ನೋಡಿಸಬೇಕು. 2022ರಲ್ಲಿ ಬಂದ ಇನ್ನೋವಾ ಹೈಕ್ರಾಸ್ ಮಾತ್ರ ಮುಂಚಕ್ರದ್ದು.

ಕೆಲಸ ಮುಗಿದ ಮೇಲೆ ಹಳೆಯ ಕೀಲನ್ನು ಕೇಳಿ ಪಡೆಯಿರಿ. ಅದು ನಿಮ್ಮ ಸ್ವತ್ತು. ಸೀಮೆಎಣ್ಣೆಯಲ್ಲೋ ಡೀಸಲಿನಲ್ಲೋ ತೊಳೆಸಿ, ಬೆಳಕಿಗೆ ಹಿಡಿದು ಗುಂಡುಗಳ ಹಾದಿಯನ್ನು ಬೆರಳಿನಿಂದ ಸವರಿ ನೋಡಿರಿ. ಉಗುರು ಸಿಕ್ಕಿಕೊಳ್ಳುವಂಥ ಕುಳಿ ಇದ್ದರೆ ಬದಲಾಯಿಸಿದ್ದು ಸರಿ. ಹಾದಿ ಕನ್ನಡಿಯಂತೆ ನುಣುಪಾಗಿದ್ದು, ಪಂಜರದಲ್ಲಿ ಗುಂಡುಗಳು ಬಿಗಿಯಾಗಿದ್ದರೆ ಸದ್ದು ಬೇರೆಲ್ಲಿಯದೋ ಆಗಿರುತ್ತದೆ. ಹಣ ಕೊಡುವ ಮೊದಲು ಅದೇ ಮೆಕ್ಯಾನಿಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಂತೆಮಾಳದಲ್ಲಿ ಇನ್ನೊಂದು ಸುತ್ತು ಬನ್ನಿರಿ.